ಸಿಂಪಿ ಕೃಷಿಗೆ ಕಡಲ ತಳ ಗುತ್ತಿಗೆ: ಕೊಡಬೇಕೆ, ಬೇಡವೆ?

ಪರ: ಚಿಪ್ಪು ಮರಳಿಸುವವನ ಕೈಗೆ ತಳ ಸಿಗಲಿ

ಸಿಂಪಿಯ ಲಾರ್ವಾ ಎರಡು ಮೂರು ವಾರ ನೀರಿನಲ್ಲಿ ಅಲೆಯುತ್ತದೆ. ಆಮೇಲೆ ಅದಕ್ಕೆ ಕೂರಲು ಗಟ್ಟಿ ಜಾಗ ಬೇಕು. ಹಳೆಯ ಸಿಂಪಿಯ ಚಿಪ್ಪೇ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕೆಸರಿಗೆ ಬಿದ್ದದ್ದು ಹೂತು ಸಾಯುತ್ತದೆ. ಅಂಟಿಕೊಂಡದ್ದು ಬದುಕಿರುವ ತನಕ ಅಲ್ಲಿಂದ ಕದಲುವುದಿಲ್ಲ. ಹೀಗಾಗಿ ಒಂದು ಬುಟ್ಟಿ ಸಿಂಪಿ ಎತ್ತಿದವನು ಮುಂದಿನ ಪೀಳಿಗೆ ಕೂರಬೇಕಾದ ನೆಲವನ್ನೂ ಜೊತೆಗೇ ಎತ್ತಿರುತ್ತಾನೆ. ಚಿಪ್ಪು ಮರಳಿ ಸುರಿಯುವ ಖರ್ಚು ಅವನದು. ಅದರ ಮೇಲೆ ಬೆಳೆದದ್ದು ಮೂರು ವರ್ಷದ ನಂತರ ಯಾರ ದೋಣಿ ಸೇರುತ್ತದೋ ದೇವರೇ ಬಲ್ಲ. ಹಾಗಿರುವಾಗ ಯಾರು ಸುರಿಯುತ್ತಾರೆ?

ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಯಾರೂ ಸಾಕಷ್ಟು ಸುರಿಯಲಿಲ್ಲ. ಮೇರಿಲ್ಯಾಂಡ್ ರಾಜ್ಯದ ಪಾಲಿನ ಕೊಲ್ಲಿಯಿಂದ 1880ರ ದಶಕದ ನಡುವಿನಲ್ಲಿ ವರ್ಷಕ್ಕೆ ಒಂದೂವರೆ ಕೋಟಿ ಬುಷೆಲ್‌ನಷ್ಟು (ಬುಷೆಲ್ ಎಂದರೆ ಒಂದು ದೊಡ್ಡ ಬುಟ್ಟಿಯ ಅಳತೆ) ಸಿಂಪಿ ಬರುತ್ತಿತ್ತು. 2003–04ರ ಹಂಗಾಮಿನಲ್ಲಿ ಬಂದದ್ದು 26 ಸಾವಿರ ಚಿಲ್ಲರೆ. ಎಲ್ಲವನ್ನೂ ಡರ್ಮೊ, ಎಂಎಸ್‌ಎಕ್ಸ್ ಎಂಬ ಪರೋಪಜೀವಿ ರೋಗಗಳ ತಲೆಗೆ ಕಟ್ಟುವವರಿದ್ದಾರೆ. ಆದರೆ ಅವು ಕೊಲ್ಲಿಯಲ್ಲಿ ಪತ್ತೆಯಾದದ್ದು 1949 ಮತ್ತು 1959ರಲ್ಲಿ. ಅಷ್ಟು ಹೊತ್ತಿಗೆ ಇಳುವರಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದುಹೋಗಿತ್ತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಬ್ರೂಕ್ಸ್ 1880ರ ದಶಕದಲ್ಲೇ ತಳವನ್ನು ಗುತ್ತಿಗೆಗೆ ಕೊಟ್ಟು ಬೆಳೆಸಿ ಎಂದು ಹೇಳಿದ್ದರು. 1906ರಲ್ಲಿ ಕಾನೂನೂ ಬಂತು. ಆದರೆ ಮೀನುಗಾರರ ಮತಗಳಿಗೆ ಹೆದರಿದ ಶಾಸನಸಭೆ ಅದಕ್ಕೆ ಒಂದರ ಮೇಲೊಂದು ಅಡ್ಡಿ ಹಾಕುತ್ತ ಬಂತು. ಗುತ್ತಿಗೆ ನಿಜಕ್ಕೂ ಬಾಗಿಲು ತೆರೆದದ್ದು 2009ರಲ್ಲಿ. ಸಲಹೆಗೂ ಜಾರಿಗೂ ನಡುವೆ ಒಂದು ಶತಮಾನಕ್ಕೂ ಹೆಚ್ಚು!

ಗುತ್ತಿಗೆದಾರ ಏನು ಮಾಡುತ್ತಾನೆ ಎಂದು ಹತ್ತಿರದಿಂದ ನೋಡಿದರೆ, ಸರ್ಕಾರ ತಾನೇ ಮಾಡಬಹುದಲ್ಲ ಎಂಬ ವಾದ ನಿಲ್ಲುವುದಿಲ್ಲ. ಮೊದಲು ಉದ್ದ ಗಳ ಹಿಡಿದು ತಳ ಚುಚ್ಚಬೇಕು. ಗಳ ಸಲೀಸಾಗಿ ಒಳಗಿಳಿದರೆ ಅಲ್ಲಿ ಸುರಿದ ಚಿಪ್ಪು ಒಂದೇ ಚಳಿಗಾಲದಲ್ಲಿ ಮುಳುಗುತ್ತದೆ. ಟಕ್ಕೆಂದು ತಾಗಿದರೆ ಮುಂದುವರಿಯಬಹುದು. ನಡುವಿನ ತರಹದ ತಳಕ್ಕೆ ಮೊದಲು ಅಡಿಪಾಯ ಹಾಕಬೇಕು. ಒಂದು ಎಕರೆಗೆ ಒಂದೇ ಇಂಚು ದಪ್ಪ ಹರಡಲು ನೂರು ಘನ ಮೀಟರಿಗೂ ಸ್ವಲ್ಪ ಮಿಕ್ಕಿ ಚಿಪ್ಪು ಬೇಕು, ಮತ್ತು ಒಂದು ಇಂಚು ಎಲ್ಲೂ ಸಾಲುವುದಿಲ್ಲ. ಚಿಪ್ಪು ದುಬಾರಿಯಾದ ಕಡೆ ಸುಣ್ಣಕಲ್ಲು, ಪುಡಿ ಮಾಡಿದ ಕಾಂಕ್ರೀಟು ಹಾಕುತ್ತಾರೆ.

ಮರಿಯ ಕೆಲಸ ಇನ್ನೂ ನಾಜೂಕು. ಮಾಂಸದ ಚೂರು ಉಳಿಯದಂತೆ, ರೋಗಾಣು ಸಾಯುವಂತೆ ಚಿಪ್ಪನ್ನು ಒಂದು ವರ್ಷವಾದರೂ ಬಿಸಿಲು ಮಳೆಗೆ ಒಡ್ಡಿ, ತೊಳೆದು, ಬಲೆಚೀಲಕ್ಕೆ ತುಂಬಿ ತೊಟ್ಟಿಯಲ್ಲಿ ಜೋಡಿಸಬೇಕು. ಕಣ್ಣುಚುಕ್ಕೆ ಮೂಡಿ ಅಂಟಲು ಸಿದ್ಧವಾದ ಲಾರ್ವಾವನ್ನು, ಮೊಟ್ಟೆಯೊಡೆಸಿ ಮರಿ ಮಾಡುವ ಕೇಂದ್ರವಾದ ಹ್ಯಾಚರಿಯಿಂದ ತೇವದ ಬಟ್ಟೆಯಲ್ಲಿ ಸುತ್ತಿ, ತಣ್ಣಗಿಟ್ಟು ತರುತ್ತಾರೆ. ಲಕ್ಷಗಟ್ಟಲೆ ಲಾರ್ವಾ ಒಂದು ಮುಷ್ಟಿಯೊಳಗೆ ಹಿಡಿಸುತ್ತವೆ. ತೊಟ್ಟಿಯ ನೀರು 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿರಬೇಕು. ಎರಡು ಮೂರು ದಿನದಲ್ಲಿ ಅಂಟುವಷ್ಟು ಅಂಟುತ್ತವೆ, ಹೆಚ್ಚಿನವು ಅಂಟುವುದೇ ಇಲ್ಲ. ನೀರು ತಣ್ಣಗಿದ್ದರೆ, ಚಿಪ್ಪಿನ ಮೇಲೆ ಲೋಳೆ ಉಳಿದಿದ್ದರೆ, ಗಾಳಿ ಬಿಡುವ ಪಂಪು ನಿಂತರೆ ಇಡೀ ತಂಡ ಹೋಯಿತು. ತಳಕ್ಕೆ ಇಳಿದ ಮೇಲೆ ಏಡಿ, ಚಪ್ಪಟೆಹುಳು, ತೊರಕೆ ಮೀನು ಕಾದಿರುತ್ತವೆ. ಮಾರುವ ಅಳತೆಯಾದ ಮೂರು ಇಂಚು ಮುಟ್ಟಲು ಚೆಸಪೀಕ್‌ನಲ್ಲಿ ಎರಡರಿಂದ ಮೂರು ವರ್ಷ ಬೇಕು. ಇಷ್ಟು ಹಣ, ಇಷ್ಟು ಕಾಲ ಹೂಡುವವನಿಗೆ ‘ಈ ಜಾಗದ ಬೆಳೆ ನನ್ನದು’ ಎಂಬ ಕಾಗದ ಕೈಯಲ್ಲಿರಬೇಡವೆ?

ಆ ಕಾಗದವೇ ಬೇಕಾಬಿಟ್ಟಿ ಹಂಚಿಕೆಗೆ ಲಗಾಮೂ ಹೌದು. ಮೇರಿಲ್ಯಾಂಡ್‌ನಲ್ಲಿ ಗುತ್ತಿಗೆಯ ಅವಧಿ 20 ವರ್ಷ. ಗಡಿಯು ದಡದಿಂದಲೂ ಅಕ್ಕಪಕ್ಕದವರ ದಕ್ಕೆಯಿಂದಲೂ 50 ಅಡಿ, ಸಹಜ ಸಿಂಪಿದಿಬ್ಬ ಮತ್ತು ಅಭಯಧಾಮಗಳಿಂದ 150 ಅಡಿ ದೂರವಿರಬೇಕು. ಜಲಹುಲ್ಲು ಬೆಳೆದ ಕಡೆ ಕೊಡುವಂತಿಲ್ಲ. ವರ್ಷಕ್ಕೆ ಕಾಲು ಭಾಗ ಜಾಗದಲ್ಲಿ ಎಕರೆಗೆ ಹತ್ತು ಲಕ್ಷ ಮರಿಯಂತೆ ಬಿತ್ತಿ, ಬಿತ್ತಿದ್ದರ ವರದಿ ಕೊಡಬೇಕು. ಬಳಸದವನ ಕೈಯಿಂದ ಜಾಗ ವಾಪಸ್ ಹೋಗುತ್ತದೆ. ಅದೇ ಕೊಲ್ಲಿಯ ಇನ್ನೊಂದು ರಾಜ್ಯವಾದ ವರ್ಜೀನಿಯಾ ಬೇರೆ ದಾರಿ ಹಿಡಿಯಿತು. 1890ರ ದಶಕದ ಬೇಲರ್ ಸಮೀಕ್ಷೆಯಲ್ಲಿ ಗುರುತಾದ ಎರಡು ಲಕ್ಷ ಎಕರೆಗೂ ಹೆಚ್ಚು ಸಹಜ ತಳವನ್ನು ಗುತ್ತಿಗೆಗೆ ಕೊಡಕೂಡದೆಂದು ರಾಜ್ಯದ ಸಂವಿಧಾನದಲ್ಲೇ ಬರೆದಿಟ್ಟು, ಉಳಿದ ತಳವನ್ನು ಮಾತ್ರ ಕೊಡುತ್ತದೆ. ಸಾರ್ವಜನಿಕರ ಸಿಂಪಿಯನ್ನು ಕಿತ್ತು ಖಾಸಗಿಯವರಿಗೆ ಕೊಟ್ಟರು ಎಂಬ ಕೂಗು ಅಲ್ಲಿ ಹೊಂದುವುದಿಲ್ಲ.

ಅರ್ಥಶಾಸ್ತ್ರಜ್ಞರಾದ ಅಗ್ನೆಲ್ಲೊ ಮತ್ತು ಡಾನೆಲಿ 1975ರಲ್ಲಿ ರಾಜ್ಯಗಳನ್ನು ಹೋಲಿಸಿ ನೋಡಿದಾಗ, ಖಾಸಗಿ ಗುತ್ತಿಗೆ ಹೆಚ್ಚಿರುವಲ್ಲಿ ಸಿಂಪಿ ಎತ್ತುವವನ ದುಡಿಮೆಯ ಫಲವೂ ಹೆಚ್ಚಿತ್ತು. ಇದರಲ್ಲಿ ಅಚ್ಚರಿಯೇನಿಲ್ಲ. ಎಲ್ಲರದೂ ಆದ ತಳದಲ್ಲಿ ಬೇಗ ಹೋದವನೇ ಗೆಲ್ಲುತ್ತಾನೆ. ಗುತ್ತಿಗೆಯ ತಳದಲ್ಲಿ ಬೆಲೆ ಬರುವ ತನಕ ಕಾಯುವವನೂ ಗೆಲ್ಲಬಲ್ಲ.

ನೀರಿಗಾಗುವ ಲಾಭವನ್ನು ಉಬ್ಬಿಸಿ ಹೇಳುವ ಅಗತ್ಯವಿಲ್ಲ. ಸಿಂಪಿಗೆ ಮೇವು ಹಾಕುವುದಿಲ್ಲ, ಗೊಬ್ಬರವಿಲ್ಲ, ಔಷಧವಿಲ್ಲ. ನೀರಿನ ಪಾಚಿಯನ್ನು ಸೋಸಿ ತಿಂದು ಬೆಳೆಯುತ್ತದೆ, ಕೊಯ್ಲಾದಾಗ ಅದರ ಮೈಯಲ್ಲಿದ್ದ ಸಾರಜನಕ ಕೊಲ್ಲಿಯಿಂದ ಹೊರಗೆ ಹೋಗುತ್ತದೆ. ಮೂರು ಇಂಚಿನ ಹತ್ತು ಲಕ್ಷ ಸಿಂಪಿಯ ಮಾಂಸದಲ್ಲಿ ಸುಮಾರು 90 ಕಿಲೋ ಸಾರಜನಕ ಇರುತ್ತದೆ. ಹೊಲದ ಗೊಬ್ಬರ ಹರಿದು ಬಂದು ಕೆಟ್ಟಿರುವ ಕೊಲ್ಲಿಗೆ ಇದು ಸಮುದ್ರದಲ್ಲಿ ಹನಿಯಷ್ಟೇ. ಆದರೆ ತೆರಿಗೆದಾರನಿಗೆ ಪೈಸೆಯ ಖರ್ಚಿಲ್ಲದ ಹನಿ.

ವಿರೋಧ: ತಳ ಕೊಡುವ ಸರ್ಕಾರ ನೀರು ಕೊಡಲಾರದು

ಪರ ವಾದದಲ್ಲಿ ಚಿಪ್ಪಿನ ಕುರಿತು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ತಕರಾರು ಬೇರೆ ಕಡೆ ಇದೆ. ಸಿಂಪಿ ಕೂರುವುದು ತಳದ ಮೇಲೆ, ಬದುಕುವುದೋ ಸಾಯುವುದೋ ಅದರ ಮೇಲೆ ಹರಿಯುವ ನೀರಿನಿಂದ. ಗುತ್ತಿಗೆ ಪತ್ರದಲ್ಲಿ ಎಕರೆ ಇದೆ, ಗಡಿಯ ಮೂಲೆಗಳ ಅಕ್ಷಾಂಶ ರೇಖಾಂಶ ಇದೆ. ಉಪ್ಪಿನಂಶ ಇಷ್ಟಿರುತ್ತದೆ, ಚರಂಡಿ ನೀರು ಬರುವುದಿಲ್ಲ ಎಂಬ ಭರವಸೆ ಎಲ್ಲೂ ಇಲ್ಲ, ಇರಲು ಸಾಧ್ಯವೂ ಇಲ್ಲ.

ಇದು ಬರೀ ತರ್ಕವಲ್ಲ, ಕೋರ್ಟಿನಲ್ಲಿ ತೀರ್ಮಾನವಾದದ್ದು. ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ನಗರದ ಕೊಳಚೆ ನೀರಿನಿಂದ ಸಿಂಪಿ ಕೆಟ್ಟಿತೆಂದು ಗುತ್ತಿಗೆದಾರನೊಬ್ಬ ಹೂಡಿದ ದಾವೆ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಗಿ 1919ರಲ್ಲಿ ಬಿದ್ದುಹೋಯಿತು. ಇನ್ನೂ ಹತ್ತಿರದ್ದು ಬೇಕೆಂದರೆ ನಾನ್ಸ್‌ಮಂಡ್ ನದಿಯ ಗುತ್ತಿಗೆದಾರರದ್ದು. ಕೊಳಚೆಯಿಂದಾಗಿ ಕೊಯ್ಲು ನಿಷೇಧವಾಗಿದೆ, ಪರಿಹಾರ ಕೊಡಿ ಎಂದು ಅವರು ಕೇಳಿದಾಗ 2020ರಲ್ಲಿ ವರ್ಜೀನಿಯಾ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನಿರ್ಮಲ ನೀರಿನಲ್ಲಿ ಬೆಳೆಯುವ ಹಕ್ಕು ಗುತ್ತಿಗೆಯಲ್ಲಿ ಅಡಕವಾಗಿಲ್ಲ ಎಂಬುದು ತೀರ್ಪು. ನೀರಿನ ಮಾದರಿಯಲ್ಲಿ ಮಲಜನ್ಯ ಕೋಲಿಫಾರಂ ಎಂಬ ಬ್ಯಾಕ್ಟೀರಿಯಾ ಸರಾಸರಿ 100 ಮಿಲಿಲೀಟರಿಗೆ 14ರ ಮಿತಿ ದಾಟಿತೆಂದರೆ ಆ ಪ್ರದೇಶಕ್ಕೆ ‘ಅನುಮೋದಿತ’ ಎಂಬ ದರ್ಜೆ ತಪ್ಪುತ್ತದೆ. ಆಗ ಮೂರು ವರ್ಷದ ಬೆಳೆ ಕಣ್ಣೆದುರಿಗೆ ಇದ್ದೂ ನೇರವಾಗಿ ಮಾರುವಂತಿಲ್ಲ. ಬಾಡಿಗೆ ಮಾತ್ರ ಕಟ್ಟುತ್ತಿರಬೇಕು. ರೈತನಿಗೆ ಇಂಥ ಗೇಣಿ ಪತ್ರ ಕೊಟ್ಟಿದ್ದರೆ ಮೋಸ ಎನ್ನುತ್ತಿದ್ದೆವು.

ಮಿಸಿಸಿಪ್ಪಿ ನದಿ ಕಡಲು ಸೇರುವ ಲೂಸಿಯಾನಾ ರಾಜ್ಯದಲ್ಲಿ ಇದೇ ಸಮಸ್ಯೆ ತಲೆಕೆಳಗಾಗಿ ಬಂತು, ನಷ್ಟ ಸಾರ್ವಜನಿಕರಿಗೆ ತಟ್ಟಿತು. ಅಲ್ಲಿ ಸುಮಾರು 4 ಲಕ್ಷ ಎಕರೆ ತಳ ಗುತ್ತಿಗೆಯಲ್ಲಿದೆ. ಮಿಸಿಸಿಪ್ಪಿ ನದಿಗೆ ಏರಿ ಕಟ್ಟಿದ ಮೇಲೆ ಹೂಳು ಬರುವುದು ನಿಂತು ಜೌಗು ಕುಸಿಯಿತು, ಕಡಲು ಒಳನುಗ್ಗಿತು. ಮೊದಲು ತೀರಾ ಸಪ್ಪೆ ನೀರಿದ್ದ ಜಾಗಗಳು ಉಪ್ಪಾಗಿ ಸಿಂಪಿಗೆ ಹದವಾದವು, ಅವೂ ಗುತ್ತಿಗೆಗೆ ಹೋದವು. ತೀರ ಉಳಿಸಲು 1991ರಲ್ಲಿ ಕೆರ್ನಾರ್ವಾನ್ ಎಂಬಲ್ಲಿ ಏರಿಗೆ ಬಾಗಿಲಿಟ್ಟು ನದಿಯ ನೀರನ್ನು ಜೌಗಿನೊಳಗೆ ಬಿಟ್ಟರು. ಸಿಂಪಿಗೆ ಹಿತವಾದದ್ದು ಸಾವಿರ ಭಾಗಕ್ಕೆ ಹೆಚ್ಚುಕಡಿಮೆ 5ರಿಂದ 15 ಭಾಗ ಉಪ್ಪು. ಅದಕ್ಕಿಂತ ಮೇಲೆ ಹೋದರೆ ಚಿಪ್ಪು ಕೊರೆಯುವ ಶಂಖದ ಹುಳುವೂ ಡರ್ಮೊ ರೋಗವೂ ಹೆಚ್ಚುತ್ತವೆ, 5ಕ್ಕಿಂತ ಕೆಳಗಿಳಿದು ವಾರಗಟ್ಟಲೆ ನಿಂತರೆ ಸಿಂಪಿಯೇ ಸಾಯುತ್ತದೆ. ಚಳಿಯಲ್ಲಿ ಅದು ಬಾಯಿ ಮುಚ್ಚಿಕೊಂಡು ಸಾಕಷ್ಟು ದಿನ ತಡೆದೀತು. ಬೇಸಿಗೆಯ ಬಿಸಿ ನೀರಿನಲ್ಲಿ ಮೈಯೊಳಗಿನ ಶಕ್ತಿ ಬೇಗ ಕರಗುವುದರಿಂದ ಹೆಚ್ಚು ದಿನ ಆಗದು. ಬಾಗಿಲಿಗೆ ಹತ್ತಿರವಿದ್ದ ಗುತ್ತಿಗೆಗಳು ಸಪ್ಪೆಯಾದವು, ಕಡಲ ಕಡೆಯ ಸಾರ್ವಜನಿಕ ತಳ ಸುಧಾರಿಸಿತು.

ಗುತ್ತಿಗೆದಾರರು ದಾವೆ ಹೂಡಿದರು. ಕೆಳ ನ್ಯಾಯಾಲಯದಲ್ಲಿ ಪರಿಹಾರದ ಮೊತ್ತ ನೂರು ಕೋಟಿ ಡಾಲರ್ ದಾಟಿತು, ಅದೂ ಎಕರೆಗೆ ವರ್ಷಕ್ಕೆ ಎರಡು ಮೂರು ಡಾಲರ್ ಬಾಡಿಗೆ ಬರುವ ತಳಕ್ಕೆ! 2004ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತೆನ್ನಿ. ಆದರೆ ಅಷ್ಟರಲ್ಲಿ ಬೆದರಿದ ರಾಜ್ಯ 2002ರಿಂದಲೇ ಹೊಸ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತ್ತು, ಮತ್ತೆ ತೆರೆಯುವ ಕಾನೂನು ಬಂದದ್ದು 2016ರಲ್ಲಿ. ‘ಷರತ್ತು ಸರಿಯಾಗಿ ಬರೆದರಾಯಿತು’ ಎನ್ನುವವರು ಈ ಹದಿನಾಲ್ಕು ವರ್ಷವನ್ನು ಲೆಕ್ಕಕ್ಕೆ ಹಿಡಿಯಲಿ. ಷರತ್ತು ಕೋರ್ಟಿನಲ್ಲಿ ಗೆಲ್ಲಬಹುದು, ಜನಪ್ರತಿನಿಧಿಯ ಕಚೇರಿಯಲ್ಲಿ ಗೆಲ್ಲುವುದಿಲ್ಲ. ಮಿಡ್-ಬರಟೇರಿಯಾ ಎಂಬ, ಸುಮಾರು 300 ಕೋಟಿ ಡಾಲರಿನ ನದಿಯ ಹೂಳು ನೀರನ್ನು ಜೌಗಿಗೆ ತಿರುಗಿಸುವ ಇನ್ನೂ ದೊಡ್ಡ ಯೋಜನೆಗೆ 2023ರಲ್ಲಿ ಗುದ್ದಲಿ ಬಿದ್ದಿತ್ತು. ಅದನ್ನು 2025ರಲ್ಲಿ ಕೈಬಿಟ್ಟರು. ವೆಚ್ಚ ಏರಿದ್ದೂ ಕಾರಣ, ಮೀನುಗಾರರ ಮತ್ತು ಸಿಂಪಿ ಬೆಳೆಗಾರರ ವಿರೋಧವೂ ಇತ್ತು. ಅವರ ಬದುಕಿನ ಪ್ರಶ್ನೆ ಅದು, ತಪ್ಪೆನ್ನಲಾಗದು. ಹದಿನೈದು ವರ್ಷದ ಗುತ್ತಿಗೆ ಹಕ್ಕಿನ ಆಸೆ ತೋರಿಸಿ ಆ ನೀರಿನಲ್ಲಿ ಅವರನ್ನು ಕೂರಿಸಿದ್ದು ಸರ್ಕಾರವೇ.

ಹಾಗೆಂದು ಗುತ್ತಿಗೆ ಇಲ್ಲದ ಕಡೆ ನದಿ ಕರುಣೆ ತೋರಿತೆಂದಲ್ಲ. 2019ರಲ್ಲಿ ಮಿಸಿಸಿಪ್ಪಿ ನದಿಯ ಪ್ರವಾಹವನ್ನು ಹೊರಬಿಡುವ ಬೊನೆ ಕ್ಯಾರೆ ಕೋಡಿಯನ್ನು ಎರಡು ಬಾರಿಗೆ ಒಟ್ಟು 123 ದಿನ ತೆರೆದಾಗ ಮಿಸಿಸಿಪ್ಪಿ ಸೌಂಡ್‌ನ ಸಾರ್ವಜನಿಕ ಸಿಂಪಿದಿಬ್ಬಗಳೂ ಸತ್ತವು. ವ್ಯತ್ಯಾಸ ಇಷ್ಟೇ: ಸಾರ್ವಜನಿಕ ತಳ ಸತ್ತರೆ ದೋಣಿ ಬೇರೆ ಕಡೆ ಹೋಗಬಹುದು. ಗುತ್ತಿಗೆದಾರನ ಬಂಡವಾಳಕ್ಕೆ ಕಾಲಿಲ್ಲ.

ಬಾಡಿಗೆಯ ಮಾತು ಬಂತು. ವರ್ಜೀನಿಯಾದಲ್ಲಿ ಎಕರೆಗೆ ವರ್ಷಕ್ಕೆ ಒಂದೂವರೆ ಡಾಲರ್. ಈ ದರಕ್ಕೆ ಸಿಂಪಿ ಬೆಳೆಯದೆಯೂ ತಳ ಹಿಡಿದಿಡಬಹುದು. ಮನೆಯ ಮುಂದಿನ ನೀರಿನಲ್ಲಿ ಸಿಂಪಿ ಬೆಳೆಸುವ ಪಂಜರಗಳ ಸಾಲು ಕಾಣಬಾರದೆಂದು ದಡದ ಬಂಗಲೆಯವರೇ ಗುತ್ತಿಗೆ ಹಿಡಿದು ಸುಮ್ಮನಿರುವುದುಂಟು. ಪೈಪ್‌ಲೈನ್ ಬರುವ ದಾರಿ ಗೊತ್ತಾದರೆ ಪರಿಹಾರದ ಆಸೆಗೆ ಹಿಡಿಯುವವರೂ ಇರುತ್ತಾರೆ. ಬಿತ್ತಿದ ವರದಿ ಕೊಡಬೇಕೆಂಬ ಮೇರಿಲ್ಯಾಂಡ್ ನಿಯಮ ಒಳ್ಳೆಯದೇ. ಆದರೆ ಅದನ್ನು ತುಂಬುವವನು ಗುತ್ತಿಗೆದಾರ, ನಾಲ್ಕು ಮೀಟರ್ ಕಲಕು ನೀರಿನಡಿ ಎಣಿಸಲು ಎಷ್ಟು ಮುಳುಗುಗಾರರನ್ನು ಕಳಿಸುತ್ತೀರಿ? ಗಡಿಯೂ ಅಷ್ಟೆ. ಬೇಲರ್ ರೇಖೆಗಳನ್ನು ಎಳೆದದ್ದು ಬಹುಪಾಲು ಸ್ಥಳೀಯ ಮೀನುಗಾರರ ಮಾತು ನಂಬಿ. ದಿಬ್ಬಗಳು ಬದಲಾಗಿವೆ, ಗೆರೆ ಬದಲಾಗಿಲ್ಲ. ಒಳಗೆ ಬರಡು, ಹೊರಗೆ ಸಿಂಪಿ ಇರುವ ಜಾಗಗಳು ಬೇಕಾದಷ್ಟಿವೆ.

ರೋಗವನ್ನು ಪರ ವಾದ ಒಂದೇ ಸಾಲಿನಲ್ಲಿ ದಾಟಿಬಿಟ್ಟಿತು. 1959ರವರೆಗೆ ವರ್ಜೀನಿಯಾದ ಖಾಸಗಿ ಗುತ್ತಿಗೆಗಳೇ ಆ ರಾಜ್ಯದ ಉದ್ಯಮದ ಬೆನ್ನೆಲುಬು. ಚಿಪ್ಪು ಹಾಕುತ್ತಿದ್ದರು, ಬಿತ್ತುತ್ತಿದ್ದರು, ಕಾವಲಿತ್ತು. ಎಂಎಸ್‌ಎಕ್ಸ್ ಬಂದದ್ದೇ ಕೊಲ್ಲಿಯ ಬಾಯಿಯ ಹೆಚ್ಚು ಉಪ್ಪಿನ, ಅತ್ಯುತ್ತಮ ಗುತ್ತಿಗೆಗಳು ಮೊದಲು ಸತ್ತವು. ಈಗ ಚೇತರಿಕೆ ಬಂದಿರುವುದು ಬಹುಮಟ್ಟಿಗೆ ಪಂಜರದಲ್ಲಿ ಬೆಳೆಸುವ ಟ್ರಿಪ್ಲಾಯ್ಡ್ ತಳಿಯಿಂದ. ಅದು ಸಂತಾನಕ್ಕೆ ಶಕ್ತಿ ವ್ಯಯಿಸದ ಬಂಜೆ ಸಿಂಪಿ, ಬೇಗ ಕೊಬ್ಬುತ್ತದೆ, ಕಾಡು ದಿಬ್ಬಕ್ಕೆ ಲಾರ್ವಾ ಕೊಡುವುದಿಲ್ಲ. ಚಿಪ್ಪು ಸಮೇತ ಹೋಟೆಲಿಗೆ ಹೋಗುತ್ತದೆ. ಚಿಪ್ಪು ತಳಕ್ಕೆ ಮರಳುತ್ತದೆಂದು ಕೊಟ್ಟ ಗುತ್ತಿಗೆಯಿಂದ ಚಿಪ್ಪು ಊರ ಕಸದ ಗುಂಡಿ ಸೇರಿದರೆ ಪರ ವಾದದ ಬುಡವೇ ಅಲುಗಾಡುತ್ತದೆ.

ಬೇಕಿರುವುದು ತಳದ ಹಂಚಿಕೆಯಲ್ಲ. ಎತ್ತಿದ ಪ್ರತಿ ಬುಟ್ಟಿಯ ಮೇಲೆ ಚಿಪ್ಪಿನ ಶುಲ್ಕ ಹಾಕಿ, ಆ ಹಣದಲ್ಲಿ ಸಾರ್ವಜನಿಕ ತಳಕ್ಕೆ ಚಿಪ್ಪು ಸುರಿದು, ಮೂರು ವರ್ಷ ಮುಚ್ಚಿ, ಸರದಿಯ ಮೇಲೆ ತೆರೆಯಿರಿ. ಪಂಜರದವರಿಗೆ ಎಕರೆಗಟ್ಟಲೆ ತಳದ ಹಕ್ಕಿನ ಬದಲು, ವರ್ಷವರ್ಷ ನವೀಕರಿಸುವ, ನದಿ ತಿರುಗಿಸಿದರೆ ಪರಿಹಾರವಿಲ್ಲದೆ ಪಂಜರ ಎತ್ತಿಕೊಂಡು ಹೋಗುವ ಪರವಾನಗಿ ಸಾಕು.