ಇಲ್ಲವೆಂದರೆ ಎಲ್ಲ

‘ಇವತ್ತು ಮೀನು ಉಂಟಾ’ ಎಂದು ಮಂಗಳೂರಿನಲ್ಲಿ ಯಾರನ್ನು ಕೇಳಿದರೂ ಉತ್ತರ ಸಿಗುತ್ತದೆ. ಡೇಟಾಬೇಸನ್ನು ಕೇಳಿದಾಗ ಮಾತ್ರ ತಕರಾರು ಶುರುವಾಗುತ್ತದೆ. ದಕ್ಕೆಯ ಬಳಿಯ ಮೀನಂಗಡಿಯೊಂದರ ಆನ್‌ಲೈನ್ ವ್ಯಾಪಾರವನ್ನು ನಮ್ಮ ತಂಡ ವಹಿಸಿಕೊಂಡಾಗ, ಮುಖಪುಟದ ಕಂಟ್ರೋಲರ್ (ಪುಟದಲ್ಲಿ ಏನು ಕಾಣಬೇಕೆಂದು ನಿರ್ಧರಿಸುವ ಕೋಡ್) ದಾಸ್ತಾನು ಸೊನ್ನೆಗಿಂತ ಹೆಚ್ಚಿದ್ದರೆ ಸಾಕೆನ್ನುತ್ತಿತ್ತು, ಹುಡುಕಾಟದ ಪುಟ ಅರ್ಧ ಕಿಲೋವಾದರೂ ಇರಲೇಬೇಕೆನ್ನುತ್ತಿತ್ತು, ಬೆಳಿಗ್ಗೆ ಗಿರಾಕಿಗಳಿಗೆ ಹೋಗುವ ವಾಟ್ಸ್ಆ್ಯಪ್ ಸಂದೇಶಕ್ಕಂತೂ ದಾಸ್ತಾನಿನ ಪರಿವೆಯೇ ಇರಲಿಲ್ಲ.

ಇದಕ್ಕೆ, ಜಾಲತಾಣ ಕಟ್ಟಲು ನಾವು ಬಳಸುವ ರೂಬಿ ಭಾಷೆಯ ಚೌಕಟ್ಟಾದ ರೈಲ್ಸ್‌ನಲ್ಲಿರುವ ಮದ್ದು ಸ್ಕೋಪ್. 2008ರ 2.1ನೇ ಆವೃತ್ತಿಯಲ್ಲಿ ‘ನೇಮ್ಡ್ ಸ್ಕೋಪ್’ ಆಗಿ ಬಂದು, 2010ರ 3ನೇ ಆವೃತ್ತಿಯಲ್ಲಿ ಹೆಸರು ಮೊಟಕುಗೊಳಿಸಿಕೊಂಡ ಇದರಲ್ಲಿ, ಕ್ವೆರಿಯ (ಡೇಟಾಬೇಸಿಗೆ ಕೇಳುವ ಪ್ರಶ್ನೆಯ) ಷರತ್ತನ್ನು ಮಾಡೆಲ್‌ನಲ್ಲಿ, ಅಂದರೆ ಡೇಟಾಬೇಸಿನ ಕೋಷ್ಟಕವನ್ನು ಪ್ರತಿನಿಧಿಸುವ ಕೋಡಿನಲ್ಲಿ, ಒಮ್ಮೆ ಬರೆದು ಹೆಸರಿಟ್ಟರೆ ಎಲ್ಲ ಪುಟಗಳೂ ಆ ಹೆಸರಿನಿಂದಲೇ ಕರೆಯಬಹುದು. ಒಂದರ ಬೆನ್ನಿಗೆ ಇನ್ನೊಂದನ್ನು ಪೋಣಿಸಲೂಬಹುದು. ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗ ‘ಅವೈಲಬಲ್’ ಎಂಬ ಸ್ಕೋಪ್ ಬರೆದು ಮೂರೂ ಕಡೆಯ ಜಗಳವನ್ನು ಒಂದೇ ಮಧ್ಯಾಹ್ನದಲ್ಲಿ ತೀರಿಸಿದ.

ಅಷ್ಟರಲ್ಲಿ ಮಳೆಗಾಲ ಬಂತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ‘ಒಂದನೇ ತಾರೀಕಿನಿಂದ ಒಂದು ಮೀನೂ ತೋರಿಸಬೇಡಿ ಮಾರಾಯ್ರೆ’ ಎಂದು ಧಣಿಗಳು ಅಪ್ಪಣೆ ಕೊಟ್ಟದ್ದರಿಂದ, ಹುಡುಗ ಸ್ಕೋಪ್‌ನ ಕೊನೆಗೆ ‘ನಿಷೇಧವಿಲ್ಲದಿದ್ದರೆ ಮಾತ್ರ’ ಎಂಬರ್ಥದ ‘ಅನ್‌ಲೆಸ್’ ಒಂದನ್ನು ಅಂಟಿಸಿದ. ನಿಷೇಧವಿದ್ದಾಗ ಸ್ಕೋಪ್ ಏನನ್ನೂ ಹಿಂದಿರುಗಿಸುವುದಿಲ್ಲ, ಅಂದರೆ ‘ನಿಲ್’ ಎನ್ನುತ್ತದೆ. ಪೋಣಿಸಿದ ಸರಪಳಿ ಕಡಿಯಬಾರದೆಂಬ ಕಾಳಜಿಯಿಂದ ರೈಲ್ಸ್ ಆ ‘ನಿಲ್’ ಅನ್ನು ‘ಎಲ್ಲವೂ’ ಎಂದು ಓದಿಕೊಳ್ಳುತ್ತದೆ. ಪರಿಣಾಮವಾಗಿ ಜೂನ್ ಒಂದರ ಮುಂಜಾನೆ, ಇಡೀ ಊರಿನಲ್ಲಿ ಬಂಗುಡೆಗೂ ಬರಗಾಲವಿದ್ದಾಗ, ನಮ್ಮ ಪುಟದಲ್ಲಿ ಅಂಜಲ್, ಮಾಂಜಿ, ಕಾಣೆ, ಎಂದೋ ಖಾಲಿಯಾಗಿದ್ದ ಸಿಗಡಿ, ಜೊತೆಗೆ ಕೋಡ್ ಪರೀಕ್ಷಿಸಲೆಂದು ಹಾಕಿದ್ದ ಕಿಲೋಗೆ 1 ರೂಪಾಯಿಯ ‘ಪರೀಕ್ಷೆ ಮೀನು 2’ ಕೂಡ ಪ್ರತ್ಯಕ್ಷವಾದವು. ಕೊನೆಯದಕ್ಕೆ ಯಾರೋ ಐದು ಕಿಲೋ ಆರ್ಡರ್ ಕೊಟ್ಟೂಬಿಟ್ಟಿದ್ದರು.

‘ಈ ಪರೀಕ್ಷೆ ಮೀನು ಯಾವ ಬೋಟಿನದ್ದು ಮಾರಾಯ್ರೆ?’ ಎಂದು ಧಣಿಗಳು ಫೋನಿನಲ್ಲಿ ಕೇಳಿದರು.

ಇಂಥಲ್ಲಿ ಬರೆಯಬೇಕಾದ್ದು ‘ನನ್’ (none), ಅಂದರೆ ‘ಯಾವುದೂ ಇಲ್ಲ’. ರೈಲ್ಸ್ 4ರೊಂದಿಗೆ 2013ರಲ್ಲಿ ಬಂದ ಇದು ಖಾಲಿ ಬುಟ್ಟಿಯನ್ನು ಕೊಟ್ಟರೂ ಮುಂದಿನ ಸ್ಕೋಪ್ ಪೋಣಿಸಲು ಅಡ್ಡಿಪಡಿಸುವುದಿಲ್ಲ. ಹುಡುಗ ತನ್ನ ‘ಅನ್‌ಲೆಸ್’ ಷರತ್ತನ್ನು ಸ್ಕೋಪ್ ಬದಲು ಕ್ಲಾಸ್ ಮೆಥಡ್ (ಮಾಡೆಲ್‌ನ ಸಾದಾ ಫಂಕ್ಷನ್) ಆಗಿ ಬರೆದಿದ್ದರೆ ‘ನಿಲ್’ ನಿಲ್ಲಾಗಿಯೇ ಉಳಿದು ಪುಟ ಬಿದ್ದುಹೋಗುತ್ತಿತ್ತು. ಸುಳ್ಳು ಹೇಳುವ ಪುಟಕ್ಕಿಂತ ಬಿದ್ದ ಪುಟವೇ ವಾಸಿ ಎಂಬುದು ನನ್ನ ಅಭಿಪ್ರಾಯ, ಹುಡುಗ ಇನ್ನೂ ಒಪ್ಪಿಲ್ಲ.

‘ನನ್’ ಹಾಕಿದ ಮರುದಿನವೇ, ಒಣಮೀನು ಎಲ್ಲಿ ಹೋಯಿತು, ನಾಡದೋಣಿಯವರು ತಂದ ಮೀನೂ ಯಾಕೆ ಕಾಣುವುದಿಲ್ಲ ಎಂಬ ವಿಚಾರಣೆ ಬಂತು. ಆದ್ದರಿಂದ ದಾಸ್ತಾನಿಗೊಂದು, ಬೋಟಿನ ಮೀನಿಗೊಂದು ಎಂದು ಸ್ಕೋಪ್‌ಗಳನ್ನು ಬೇರೆ ಮಾಡಿ ನಿಷೇಧವನ್ನು ಎರಡನೆಯದಕ್ಕೆ ಮಾತ್ರ ಕಟ್ಟಿದೆವು. ಮಾಡೆಲ್ ಬಿಟ್ಟು ಬೇರಾವ ಪುಟವನ್ನೂ ಮುಟ್ಟಬೇಕಾಗಲಿಲ್ಲ. ಈಗ ಧಣಿಗಳಿಗೆ, ಒಳ್ಳೆಯ ಅಂಜಲ್ ಪರಿಚಯದವರಿಗೆ ಮಾತ್ರ ಕಾಣುವಂತಾಗಬೇಕು. ಗಿರಾಕಿಯನ್ನೇ ಆರ್ಗ್ಯುಮೆಂಟ್ (ಕರೆಯುವಾಗ ಒಳಗೆ ಕೊಡುವ ಮಾಹಿತಿ) ಆಗಿ ತೆಗೆದುಕೊಳ್ಳುವ ಸ್ಕೋಪ್ ಬರೆಯುವುದೇನೂ ಕಷ್ಟವಲ್ಲ. ಆದರೆ ಪರಿಚಯದವರೆಂದರೆ ಯಾರೆಂದು ಹುಡುಗ ಕೇಳಿದ್ದಕ್ಕೆ, ‘ಅದು ಫೋನಿನಲ್ಲಿ ಸ್ವರ ಕೇಳಿದರೆ ನನಗೆ ಗೊತ್ತಾಗ್ತದೆ’ ಎಂದರು. ಆ ಕಾಲಂ ನಮ್ಮ ಡೇಟಾಬೇಸಿನಲ್ಲಿಲ್ಲ.