ಕಾಡು ಉಳಿಸಲು ಯುರೋಪಿನ ಕಾಯ್ದೆ ಬೇಕೇ?

ಪರ: ಪೊಟ್ಟಣದ ಮೇಲೆ ಊರಿನ ಹೆಸರಿಲ್ಲ

ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದೀನಲ್ಲ, ಈ ಚರ್ಚೆಯಲ್ಲಿ ಯುರೋಪಿನ ಪರ ವಾದಿಸುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂತು. ಹೂಂ ಅಂದುಬಿಟ್ಟೆ. ಯುರೋಪಿನ ಒಕ್ಕೂಟದ ಕಾಡುನಾಶ ತಡೆ ಕಾಯ್ದೆಯನ್ನು ಕೂತು ಓದಿದ್ದು ಮಾತ್ರ ಆಮೇಲೆ.

2023ರ ಜೂನ್ 29ರಂದು ಅಸ್ತಿತ್ವಕ್ಕೆ ಬಂದ ಅದರ ತಿರುಳು ಇಷ್ಟೇ. ಕಾಫಿ, ಕೋಕೋ, ರಬ್ಬರ್, ತಾಳೆಎಣ್ಣೆ, ಸೋಯಾ, ಮರ, ದನ, ಈ ಏಳರಲ್ಲಿ ಯಾವುದನ್ನೇ ಯುರೋಪಿನ ಒಕ್ಕೂಟದಲ್ಲಿ ಮಾರಲಿ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಿಂದ ಅದು ಬಂದಿಲ್ಲ ಎಂದು ತರಿಸಿಕೊಳ್ಳುವ ಕಂಪನಿ ತೋರಿಸಬೇಕು. ಆ ತಾರೀಖು ಆಕಾಶದಿಂದ ಉದುರಿದ್ದಲ್ಲ. 2015ರಲ್ಲಿ ವಿಶ್ವಸಂಸ್ಥೆಯಲ್ಲಿ ಎಲ್ಲ ದೇಶಗಳೂ ಒಪ್ಪಿದ ಸುಸ್ಥಿರ ಅಭಿವೃದ್ಧಿಯ 17 ಗುರಿಗಳಿವೆಯಲ್ಲ, 2020ರೊಳಗೆ ಕಾಡುನಾಶ ನಿಲ್ಲಿಸುತ್ತೇವೆ ಎಂಬ ಮಾತು ಅದರಲ್ಲೇ ಇತ್ತು. ಭಾರತವೂ ಒಪ್ಪಿತ್ತು.

ನಿಂತಿತೇ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ 1990ರಿಂದ 2020ರವರೆಗೆ ಹೋದ ಕಾಡು 42 ಕೋಟಿ ಹೆಕ್ಟೇರ್. ಇಡೀ ಭಾರತಕ್ಕಿಂತ ದೊಡ್ಡದು. 1990ರಿಂದ 2008ರವರೆಗೆ ಸರಕು, ಸೇವೆಗಳಿಗಾಗಿ ನಾಶವಾದ ಕಾಡಿನಲ್ಲಿ ಹತ್ತನೇ ಒಂದು ಪಾಲು ಯುರೋಪಿನವರು ತಿಂದು, ಕುಡಿದು, ಬಳಸಿದ್ದಕ್ಕಾಗಿ ಹೋಯಿತೆಂದು ಕಾಯ್ದೆಯ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ. ಐವರಿ ಕೋಸ್ಟ್ 1960ರಿಂದೀಚೆಗೆ ಶೇ. 80ಕ್ಕಿಂತ ಹೆಚ್ಚು ಕಾಡು ಕಳೆದುಕೊಂಡಿತು, ಹೆಚ್ಚಾಗಿ ಕೋಕೋ ಬೆಳೆಯಲು. ಚಾಕೊಲೇಟ್ ಕಂಪನಿಗಳು ವರ್ಷ ವರ್ಷ ಮಾತು ಕೊಡುತ್ತಲೇ ಇದ್ದವು. ಮಾತಿಗೆ ದಂಡ ಇರಲಿಲ್ಲ. ಈ ಕಾಯ್ದೆಯಲ್ಲಿ ಇದೆ, ದಂಡದ ಗರಿಷ್ಠ ಮಿತಿ ಕಂಪನಿಯ ಒಕ್ಕೂಟದೊಳಗಿನ ವಾರ್ಷಿಕ ವಹಿವಾಟಿನ ಶೇ. 4ಕ್ಕಿಂತ ಕಮ್ಮಿ ಇರಕೂಡದು.

ಸಣ್ಣ ಬೆಳೆಗಾರನಿಗೆ ಹೊರೆ ಎಂಬ ಗೋಳು ಕೇಳಿದ್ದೇನೆ. ಮದುವೆ ಮನೆಗೆ ದಾರಿ ಗೊತ್ತಾಗಲೆಂದು ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸುವ ಜನ ನಾವು. ತೋಟದ ಲೊಕೇಶನ್ ಕಳಿಸಲು ಅಷ್ಟೊಂದು ಕಷ್ಟವೇ? 2025ರ ಮೇ ತಿಂಗಳಲ್ಲಿ ಭಾರತವನ್ನು ಕಾಡುನಾಶದ ಅಪಾಯ ಕಡಿಮೆ ಇರುವ ದೇಶಗಳ ಪಟ್ಟಿಗೆ ಹಾಕಿದ್ದಾರೆ. ಅಲ್ಲಿಂದ ತರಿಸುವ ನೂರು ಕಂಪನಿಗಳಲ್ಲಿ ಒಂದನ್ನು ಪರಿಶೀಲಿಸಿದರೆ ಸಾಕು. ಹೆಚ್ಚು ಅಪಾಯದ ದೇಶವಾದರೆ ಒಂಬತ್ತು.

ಇಲ್ಲಿ ನಾನು ಕೊಳ್ಳುವ ಕಾಫಿ ಪೊಟ್ಟಣದ ಮೇಲೆ ಅರೇಬಿಕಾ-ರೊಬಸ್ಟಾ ಮಿಶ್ರಣ ಅಂತಷ್ಟೇ ಇದೆ. ಬಾಬಾಬುಡನ್‌ಗಿರಿಯ ನಾಲ್ಕು ಬೀಜ ಅದರಲ್ಲಿ ಇದ್ದರೂ ಇರಬಹುದು. ಕಾಯ್ದೆ ಬಂದರೆ ಊರಿನ ಹೆಸರು ಕಾಣುತ್ತದೆ ಎಂದುಕೊಂಡಿದ್ದೆ. ಇಲ್ಲವಂತೆ, ವಿವರವೆಲ್ಲ ಸರ್ಕಾರಿ ಕಂಪ್ಯೂಟರಿನೊಳಗೆ ಇರುತ್ತದಂತೆ. ಅದೊಂದು ನನಗೂ ಹಿಡಿಸಲಿಲ್ಲ.

ವಿರೋಧ: ತಾತನ ಪಹಣಿ, ಅರ್ಧ ಗೇಣಿನ ಲೆಕ್ಕ

ಫೋನ್ ಹಿಡಿದು ತೋಟ ಸುತ್ತಿದರೆ ಮುಗಿಯಿತು ಎನ್ನುವವರನ್ನು ಜುಲೈ ತಿಂಗಳಲ್ಲಿ ನಮ್ಮ ಮಲೆನಾಡಿಗೆ ಕರೆಯುತ್ತೇನೆ. ಕಾಲುಚೀಲ ತರಲಿ, ಇಂಬಳಗಳಿವೆ.

ನಮ್ಮದು 12 ಎಕರೆ ತೋಟ. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆ, ಮೀರಿದರೆ ನಕ್ಷೆಯಲ್ಲಿ ಒಂದು ಚುಕ್ಕೆ ಸಾಲದು, ಸುತ್ತಲಿನ ಗಡಿಯನ್ನೇ ಕೊಡಬೇಕು. ಅಕ್ಷಾಂಶ ರೇಖಾಂಶಗಳು ದಶಮಾಂಶದ ಆರು ಸ್ಥಾನದವರೆಗೆ ಬೇಕು. ಅಂದರೆ ನೆಲದ ಮೇಲೆ ಸುಮಾರು ಅರ್ಧ ಗೇಣು. ನಮ್ಮ ಊರಿನ ಸರ್ವೆ ಕಲ್ಲುಗಳನ್ನು ಕಾಡಾನೆ ಕಿತ್ತು ಎಷ್ಟೋ ವರ್ಷವಾಯಿತು, ಅದು ಬೇರೆ ಮಾತು. ಕಾಫಿ ಕೊಳ್ಳುವ ವ್ಯಾಪಾರಿಯ ಕಡೆಯ ಹುಡುಗ ಬಂದು ಫೋನ್ ಹಿಡಿದು ನಡೆದ. ಮೇಲೆ ಹಲಸು, ಅತ್ತಿ, ನಂದಿ, ಹೊನ್ನೆ ಮರಗಳ ಚಪ್ಪರ. ಮೊದಲ ಸುತ್ತಿಗೆ ನಮ್ಮ ಗಡಿ ಹಳ್ಳ ದಾಟಿ ಆಚೆಯ ಮೀಸಲು ಅರಣ್ಯದೊಳಗೆ ಹೋಗಿ ಕೂತಿತು. ಇನ್ನೊಂದು ಸುತ್ತು ಹಾಕಿದ. ಈ ಸಲ ಕಾಫಿ ಒಣಗಿಸುವ ಕಣವೇ ಹೊರಗುಳಿಯಿತು.

ಮಳೆ ಹಿಡಿಯುವ ಮುಂಚೆ ನಾವು ಮರಗಸಿ ಮಾಡಿಸುತ್ತೇವೆ. ಆಳುಗಳು ಮರ ಹತ್ತಿ ಕೊಂಬೆ ಸವರಿ, ಗಿಡಕ್ಕೆ ಬೆಳಕು ಬಿಡುತ್ತಾರೆ. ಬಿಡದಿದ್ದರೆ ಮಳೆಗಾಲದಲ್ಲಿ ಕೊಳೆರೋಗ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಕಾಣುವುದೇನು? ಏಪ್ರಿಲ್‌ನಲ್ಲಿ ದಟ್ಟ ಹಸಿರು, ಜೂನ್‌ನಲ್ಲಿ ಬೋಳು. ನೆರಳಿನ ತೋಟ ಕೃಷಿಭೂಮಿ, ಕಾಡಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ, ನಿಜ. ಅದನ್ನು ಉಪಗ್ರಹದ ಕಿವಿಯಲ್ಲಿ ಊದುವವರು ಯಾರು?

ಬರೆದದ್ದರಲ್ಲೇ ಇನ್ನೊಂದು ತಮಾಷೆ. ತೋಟ ಕಾಡಲ್ಲ ಎಂದ ಮೇಲೆ, ಅದರೊಳಗಿನ ಹಳೆಯ ಕಾಡುಮರಗಳನ್ನೆಲ್ಲ ಉರುಳಿಸಿ ಸಾಲಾಗಿ ಸಿಲ್ವರ್ ಓಕ್ ನೆಟ್ಟವನೂ ಈ ಕಾಯ್ದೆಯ ಕಣ್ಣಿಗೆ ಸಭ್ಯಸ್ಥ. ಹಕ್ಕಿ ಕೂರುವ ಅತ್ತಿಮರವನ್ನು ಮೂರು ತಲೆಮಾರಿನಿಂದ ಇಟ್ಟುಕೊಂಡು ಬಂದ ನಮಗೆ ಮೂಟೆಗೆ ಒಂದು ರೂಪಾಯಿ ಹೆಚ್ಚು ಕೊಡಿ ಎಂದು ಅದರ ಯಾವ ಸಾಲಿನಲ್ಲೂ ಇಲ್ಲ.

ಇನ್ನು ಪಹಣಿ. ಕಾಡು ಕಡಿದಿಲ್ಲ ಎಂದರಷ್ಟೇ ಸಾಲದು, ಬೆಳೆದ ದೇಶದ ಕಾನೂನಿನ ಪ್ರಕಾರ ಬೆಳೆದದ್ದು ಎಂದೂ ಆಗಬೇಕು. ಜಮೀನಿನ ಹಕ್ಕೂ ಅದರಲ್ಲಿ ಸೇರಿದೆ. ನಮ್ಮ ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ. ಪೌತಿ ಖಾತೆ ಮಾಡಿಸಲು ಹೋದರೆ ಕಚೇರಿಯಲ್ಲಿ ವಂಶವೃಕ್ಷ ಕೇಳಿದರು, ಕೊಟ್ಟೆ. ತಾತನಿಗೆ ಐದು ಮಕ್ಕಳು, ನಾಲ್ವರ ಕಡೆಯ ಒಪ್ಪಿಗೆ ಸಿಕ್ಕಿತು. ಉಳಿದವರು ಪುಣೆಯ ಅತ್ತೆ. ಕಾಗದಕ್ಕೆ ಉತ್ತರವಿಲ್ಲ, ಫೋನಿಗೆ ‘ಬಂದೇ ಮಾತಾಡ್ತೀನಿ’ ಎಂದರು. ಬಂದರು ಕೂಡ, ಇಪ್ಪತ್ತೆರಡು ವರ್ಷದ ಮೇಲೆ. ಮೂರು ದಿನ ಇದ್ದರು. ಕಡುಬು ತಿಂದರು, ತಾವು ಚಿಕ್ಕಂದಿನಲ್ಲಿ ಉಯ್ಯಾಲೆ ಕಟ್ಟಿದ್ದ ಹಲಸಿನ ಮರ ತಬ್ಬಿ ಅತ್ತರು. ‘ಅಪ್ಪನ ಹೆಸರು ಅಳಿಸಕ್ಕೆ ನನ್ನ ಕೈಲಿ ಸಹಿ ಹಾಕಿಸ್ತೀಯೇನೋ?’ ಎಂದು ನನ್ನನ್ನೇ ಕೇಳಿದರು. ಯುರೋಪಿನ ಬ್ರಸೆಲ್ಸ್‌ನವರು ಕೇಳುತ್ತಿದ್ದಾರೆ ಅತ್ತೆ, ಎಂದೆ. ‘ಅವರಿಗೂ ನಮ್ಮಪ್ಪನಿಗೂ ಏನು ಸಂಬಂಧ?’ ಎಂದವರು ಸಹಿ ಹಾಕದೆ ಎರಡು ಹಲಸಿನಹಣ್ಣು ಕಟ್ಟಿಸಿಕೊಂಡು ಬಸ್ಸು ಹತ್ತಿದರು. ಅತ್ತೆಯ ಪ್ರಶ್ನೆಗೆ ಈಗಲೂ ನನ್ನಲ್ಲಿ ಉತ್ತರವಿಲ್ಲ.

ಅಮೆಜಾನ್ ಉರಿಯುತ್ತಿದೆ ಎನ್ನುತ್ತಾರೆ. ಉರಿಯುತ್ತಿರಬಹುದು. ಮಲೆನಾಡಿನ ಕಾಡನ್ನು ಹತ್ತೊಂಬತ್ತನೇ ಶತಮಾನದಲ್ಲಿ ಕಡಿದು ಎಸ್ಟೇಟು ಎಬ್ಬಿಸಿದ ದೊರೆಗಳು ಎಲ್ಲಿಂದ ಬಂದವರು? ಆಗ ಯಾರು ಯಾರಿಗೆ ನಕ್ಷೆ ಕೊಟ್ಟರು?

ಯುರೋಪಿನ ಒಕ್ಕೂಟದ ಒಪ್ಪಂದದಲ್ಲೇ 208ನೇ ವಿಧಿ ಎಂದಿದೆ. ತಮ್ಮ ನೀತಿ ಅಭಿವೃದ್ಧಿಶೀಲ ದೇಶಗಳಿಗೆ ತಟ್ಟುವಂತಿದ್ದರೆ, ಅಭಿವೃದ್ಧಿ ಸಹಕಾರದ ಗುರಿಗಳನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕಂತೆ. ಆ ಗಮನದ ಚೆಂದ ನೋಡಿ. ಮೊದಲು 2024ರ ಡಿಸೆಂಬರ್ 30ರಿಂದ ಪಾಲಿಸಬೇಕು ಎಂದರು. ಆಮೇಲೆ 2025. ಈಗ ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವಕ್ಕೆ 2027ರ ಜೂನ್ 30. ಇದರ ನಡುವೆ ಅಚ್ಚಾದ ಪುಸ್ತಕ, ಪತ್ರಿಕೆಗಳನ್ನು ಪಟ್ಟಿಯಿಂದ ಕೈಬಿಟ್ಟರು. ಕಾಫಿಯನ್ನು ಬಿಡಲಿಲ್ಲ. ಕೆಲಸ ಬಿಟ್ಟು ಮಳೆಯಲ್ಲಿ ಗಡಿ ಸುತ್ತಿದವನು ಬೆಪ್ಪನಾದ, ‘ನೋಡಾಣ ಬಿಡು’ ಎಂದು ಕಟ್ಟೆ ಮೇಲೆ ಕೂತ ನನ್ನ ಪಕ್ಕದ ತೋಟದವನು ಜಾಣನಾದ.

ಮೊನ್ನೆ ಆ ಹುಡುಗನಿಗೆ ಫೋನ್ ಮಾಡಿ, ಹಳ್ಳದಾಚೆ ಹೋಗಿದ್ದ ನಮ್ಮ ಗಡಿ ವಾಪಸು ಬಂತೇನಪ್ಪಾ ಎಂದು ಕೇಳಿದೆ. ‘ಸಾರ್, ನಾನು ಆ ಕೆಲಸ ಬಿಟ್ಟು ಆರು ತಿಂಗಳಾಯ್ತು’ ಎಂದ.