ಹಳೇ ಪಿಕಪ್‌ಗೆ ಎಷ್ಟು ಇಂಚು ಲಿಫ್ಟ್?

"ಮೂರ್ನಾಲ್ಕು ಇಂಚು ಎತ್ತಿಸಿಬಿಡು, ಆಗ ಗಾಡಿ ಗಾಡಿ ಥರ ಕಾಣುತ್ತೆ."

ಹಳೇ ಪಿಕಪ್ ಇಟ್ಟುಕೊಂಡವರಿಗೆಲ್ಲ ಲಿಫ್ಟ್ ಮಾಡಿಸುವ, ಅಂದರೆ ಗಾಡಿಯನ್ನು ಚಕ್ರಗಳಿಂದ ಇನ್ನಷ್ಟು ಮೇಲಕ್ಕೆ ಎತ್ತರಿಸುವ ಈ ಸಲಹೆ ಪುಕ್ಕಟೆ ಸಿಗುತ್ತದೆ. ನನಗೂ ಸಿಕ್ಕಿತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಿಂದೆ ಆಕ್ಸಲ್‌ಗೂ ಕಮಾನು ಪಟ್ಟಿಗೂ (ಲೀಫ್ ಸ್ಪ್ರಿಂಗ್) ನಡುವೆ ಮೂರು ಇಂಚಿನ ಬ್ಲಾಕ್, ಅಂದರೆ ಕಬ್ಬಿಣದ ತುಂಡು ಹಾಕಿಸಿದೆ, ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಅನ್ನುವ ಸರಳನ್ನು ತಿರುಗಿಸಿ ಎತ್ತಿಸಿದೆ. ಒಂದೇ ದಿನದ ಕೆಲಸ. ಸಂಜೆ ಗಾಡಿ ನಿಂತಿದ್ದ ಠೀವಿ ನೋಡಿ ನಾಲ್ಕು ಫೋಟೊ ತೆಗೆದೆ. ಆ ಫೋಟೊಗಳನ್ನು ಬಿಟ್ಟರೆ ಆ ಲಿಫ್ಟಿನಿಂದ ನನಗೆ ದಕ್ಕಿದ್ದು ಏನೂ ಇಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಜಗಳ ಆಡುವವರು ಇಲ್ಲಿಂದಲೇ ಶುರು ಮಾಡಬಹುದು. ಇಪ್ಪತ್ತು ಮೂವತ್ತು ವರ್ಷ ದುಡಿದ ಪಿಕಪ್‌ಗೆ ಎರಡು ಇಂಚು ಸಾಕು. ಆ ಎರಡರಲ್ಲೂ ಒಂದು ಇಂಚು ಲಿಫ್ಟೇ ಅಲ್ಲ. ಅದು ಹೊಸದರಲ್ಲಿ ಗಾಡಿಗೆ ಇದ್ದ ಎತ್ತರ. ಭಾರ ಹೊತ್ತು ಹೊತ್ತು ಕಳೆದುಕೊಂಡದ್ದನ್ನು ವಾಪಸ್ ಕೊಡುತ್ತಿದ್ದೇವೆ, ಅಷ್ಟೇ.

ಇದು ನನಗೆ ಗೊತ್ತಾದದ್ದು ಬ್ಲಾಕ್ ತೆಗೆದು ಹಾಕಿದ ದಿನ. ಗಾಡಿಯನ್ನು ಮಟ್ಟವಾದ ನೆಲದ ಮೇಲೆ ನಿಲ್ಲಿಸಿ, ಟೇಪ್ ಹಿಡಿದು ನಾಲ್ಕು ಚಕ್ರಗಳ ಹತ್ತಿರವೂ ಕೂತೆ. ನೆಲದಿಂದ ಅಳೆಯಬಾರದು. ಟೈರಿನಲ್ಲಿ ಗಾಳಿ ಕಮ್ಮಿ ಇದ್ದರೆ, ಟೈರ್ ಸವೆದಿದ್ದರೆ ಲೆಕ್ಕ ತಪ್ಪುತ್ತದೆ. ಚಕ್ರದ ಹಬ್, ಅಂದರೆ ಗುಂಬದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನ ತನಕ ಅಳೆಯಬೇಕು. ಹಿಂದೆ ಎಡಕ್ಕೂ ಬಲಕ್ಕೂ ಒಂದೂಕಾಲು ಇಂಚು ವ್ಯತ್ಯಾಸ! ನನ್ನ ಗಾಡಿಯಲ್ಲಿ ಡ್ರೈವರ್ ಕೂರುವುದು ಎಡಗಡೆ, ಆ ಕಡೆಯೇ ಕುಸಿದಿತ್ತು. ಡೀಸೆಲ್ ಟ್ಯಾಂಕ್ ಕೂಡ ಅದೇ ಕಡೆ. ಇಷ್ಟು ವರ್ಷ ನಾನು, ಟ್ಯಾಂಕು ಇಬ್ಬರೂ ಸೇರಿ ಒಂದೇ ಬದಿಯ ಕಮಾನು ಪಟ್ಟಿಯ ಮೇಲೆ ಕೂತಿದ್ದೆವು.

ಕೆಳಗೆ ತೂರಿ ನೋಡಿದರೆ ಇನ್ನೂ ಚೆನ್ನಾಗಿ ಅರ್ಥವಾಯಿತು. ಬಲಗಡೆ ಪಟ್ಟಿಗಳಲ್ಲಿ ಸ್ವಲ್ಪವಾದರೂ ಬಿಲ್ಲಿನ ಬಾಗು ಉಳಿದಿತ್ತು. ಎಡಗಡೆ ಮುಖ್ಯ ಪಟ್ಟಿ ಸ್ಕೇಲಿನ ಹಾಗೆ ಚಪ್ಪಟೆ. ಎರಡನೇ ಪಟ್ಟಿಯ ತುದಿ ಮೇಲಿನ ಪಟ್ಟಿಯನ್ನು ಉಜ್ಜಿ ಉಜ್ಜಿ ಉಗುರು ಕೂರುವಷ್ಟು ಆಳದ ಗೆರೆ ಕೊರೆದಿತ್ತು. ಪಟ್ಟಿಯ ತುದಿಯನ್ನು ಚಾಸಿಸ್ಸಿಗೆ ಜೋಡಿಸುವ ಕೊಂಡಿ, ಅಂದರೆ ಶ್ಯಾಕಲ್‌ನ ಬುಶ್ ರಬ್ಬರ್ ಒಂದು ಕಡೆ ಪೂರ್ತಿ ತೆಳ್ಳಗಾಗಿ, ಕಬ್ಬಿಣಕ್ಕೆ ಕಬ್ಬಿಣವೇ ತಾಗುತ್ತಿತ್ತು. ಇಂಥ ಪಟ್ಟಿಗೆ ನಾನು ಮೂರು ಇಂಚಿನ ಕಬ್ಬಿಣದ ತುಂಡು ಕೊಟ್ಟು ಅದಕ್ಕೆ ಲಿಫ್ಟ್ ಅಂತ ಹೆಸರಿಟ್ಟಿದ್ದೆ. ಕುಸಿದ ಮನೆಗೆ ಮಹಡಿ ಕಟ್ಟಿದ ಹಾಗೆ.

ಲಿಫ್ಟ್ ಬಗ್ಗೆ ಒಂದು ಗೊಂದಲ ಇದೆ. ಗಾಡಿಯ ತೀರಾ ಕೆಳಗಿನ ಜಾಗ ಯಾವುದು? ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್ ಗುಂಡು, ಅಂದರೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರುಗಳ ಡಬ್ಬಿ. ಅದು ಕೂತಿರುವುದು ಚಕ್ರಗಳ ಮೇಲೆ, ಸ್ಪ್ರಿಂಗ್ ಮೇಲಲ್ಲ. ನೀವು ಆರು ಇಂಚು ಸಸ್ಪೆನ್ಷನ್ ಎತ್ತಿಸಿದರೂ ಆ ಗುಂಡು ನೆಲದಿಂದ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ, ಅದೂ ಅರ್ಧ ಲೆಕ್ಕದಲ್ಲಿ. 29 ಇಂಚಿನ ಟೈರ್ ತೆಗೆದು 31 ಇಂಚಿನದ್ದು ಹಾಕಿದರೆ ಆಕ್ಸಲ್ ಏರುವುದು ಒಂದೇ ಇಂಚು. ಸಸ್ಪೆನ್ಷನ್ ಲಿಫ್ಟ್ ಎತ್ತುವುದು ಚಾಸಿಸ್ಸು, ಅದರ ಮೇಲಿನ ಬಾಡಿ, ಅದಕ್ಕೆ ನೇತುಬಿದ್ದ ಗೇರ್‌ಬಾಕ್ಸು. ಹೊಟ್ಟೆ ತಾಗುವುದು ತಪ್ಪುತ್ತದೆ, ದೊಡ್ಡ ಟೈರಿಗೆ ಜಾಗ ಆಗುತ್ತದೆ. ಅದು ದೊಡ್ಡ ಲಾಭವೇ, ಇಲ್ಲ ಅನ್ನುವುದಿಲ್ಲ. ಆದರೆ ನಿಮಗೆ ಬೇಕಾಗಿರುವುದು ಅದೇನಾ ಅಂತ ಮೊದಲು ನೋಡಿಕೊಳ್ಳಿ.

ಬಾಡಿ ಲಿಫ್ಟ್ ಅಂತ ಇನ್ನೊಂದಿದೆ. ಚಾಸಿಸ್ಸಿಗೂ ಬಾಡಿಗೂ ನಡುವೆ ಬಿಲ್ಲೆ ಇಟ್ಟು ಬಾಡಿಯನ್ನಷ್ಟೇ ಎತ್ತುವುದು. ಟೈರಿಗೆ ಜಾಗ ಸಿಗುತ್ತದೆ, ಚಾಸಿಸ್ ಇದ್ದಲ್ಲೇ ಇರುತ್ತದೆ. ನನಗೆ ಅದು ಇಷ್ಟ ಇಲ್ಲ. ಅದರಲ್ಲೂ ತುಕ್ಕು ಹಿಡಿದ ಹಳೇ ಬಾಡಿ ಮೌಂಟ್‌ಗಳ ಮೇಲೆ ಖಂಡಿತ ಬೇಡ.

ಇನ್ನು ಮುಂಭಾಗ. ಇಲ್ಲೇ ಹಳೇ ಪಿಕಪ್‌ಗಳು ಒಂದರ ಹಾಗೆ ಒಂದು ಇರುವುದಿಲ್ಲ. ಒಂದೇ ಕಂಪನಿಯ, ಒಂದೇ ಹೆಸರಿನ ಗಾಡಿ ಅಂತ ಲಿಫ್ಟಿನ ಬಿಡಿಭಾಗಗಳ ಕಿಟ್ ತರಿಸಿ ಕೈ ಸುಟ್ಟುಕೊಂಡವರಿದ್ದಾರೆ. ಅಮೆರಿಕದಲ್ಲಿ ಮಾರಿದ ಟೊಯೊಟಾ ಫೋರ್ ವೀಲ್ ಡ್ರೈವ್ ಪಿಕಪ್‌ಗಳನ್ನೇ ನೋಡಿ. 1985ರ ಮಾಡೆಲ್ ತನಕ ಮುಂದೆ ಕಮಾನು ಪಟ್ಟಿ, ಎರಡೂ ಚಕ್ರಕ್ಕೆ ಸೇರಿ ಒಂದೇ ಇಡೀ ಆಕ್ಸಲ್. 1986ರಿಂದ ಟಾರ್ಷನ್ ಬಾರ್, ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುತ್ತವೆ. ಷೆವ್ರೊಲೆಯ ಅರ್ಧ ಟನ್ ಫೋರ್ ವೀಲ್ ಡ್ರೈವ್ ಪಿಕಪ್‌ನಲ್ಲೂ 1988ರಲ್ಲಿ ಇದೇ ಬದಲಾವಣೆ ಆಯಿತು. ಒಂದೇ ವರ್ಷದ ಅಂತರ, ಆದರೆ ಇದರ ಕಿಟ್ಟು ಅದಕ್ಕೆ ಕೂರುವುದಿಲ್ಲ. ಇನ್ನು 1980ರಿಂದ 1996ರ ತನಕದ ಫೋರ್ಡ್ ಎಫ್-150 ಫೋರ್ ವೀಲ್ ಡ್ರೈವ್‌ನದು ಬೇರೆಯೇ ಜಾತಿ. ಆಕ್ಸಲ್ಲನ್ನು ಎರಡು ತೋಳಾಗಿ ಒಡೆದಿದ್ದಾರೆ, ಮೇಲೆ ಕಾಯಿಲ್ ಸ್ಪ್ರಿಂಗ್. ಅದನ್ನು ಸುಮ್ನೆ ಎತ್ತಿದರೆ ಚಕ್ರಗಳ ತಲೆ ಹೊರಕ್ಕೆ ವಾಲುತ್ತದೆ. ಆದ್ದರಿಂದ ಕಿಟ್ ಕೇಳುವ ಮೊದಲು ಒಮ್ಮೆ ಕೆಳಗೆ ಬಗ್ಗಿ ನೋಡಿ.

ನನ್ನ ಗಾಡಿಯದು ಟಾರ್ಷನ್ ಬಾರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಪುಕ್ಕಟೆ ಲಿಫ್ಟ್ ಅಂತ ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ. ಇದೊಂದು ಉದ್ದದ ಉಕ್ಕಿನ ಸರಳು. ಒಂದು ತುದಿ ಚಕ್ರದ ತೋಳಿಗೆ, ಇನ್ನೊಂದು ತುದಿ ಚಾಸಿಸ್ಸಿನ ಅಡ್ಡಪಟ್ಟಿಗೆ. ಚಕ್ರ ಮೇಲೆದ್ದಾಗ ಸರಳು ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ಅದೇ ಸ್ಪ್ರಿಂಗ್. ಹಿಂದಿನ ತುದಿಯಲ್ಲಿ ಒಂದು ಬೋಲ್ಟ್ ಇರುತ್ತದೆ. ಬಿಗಿ ಮಾಡುತ್ತಾ ಹೋದರೆ ಗಾಡಿಯ ಮೂತಿ ಮೇಲೇಳುತ್ತದೆ. ನಯಾಪೈಸೆ ಖರ್ಚಿಲ್ಲ!

"ಬಾರ್ ಬಿಗಿ ಮಾಡಿದೆ, ಈಗ ಗಟ್ಟಿಯಾಗಿದೆ" ಅನ್ನುತ್ತಾರೆ. ಬಾರ್ ಗಟ್ಟಿಯಾಗುವುದಿಲ್ಲ. ಗಾಡಿಯ ತೂಕ ಅಷ್ಟೇ ಇದೆ, ಆದ್ದರಿಂದ ಬಾರ್ ಹೊರುವ ಭಾರವೂ ಹೆಚ್ಚುಕಮ್ಮಿ ಅಷ್ಟೇ. ಬದಲಾಗುವುದು ತೋಳು ನಿಲ್ಲುವ ಜಾಗ. ಉದಾಹರಣೆಗೆ ಚಕ್ರಕ್ಕೆ ಒಟ್ಟು ಏಳು ಇಂಚು ಓಡಾಟ ಇದೆ ಅಂದುಕೊಳ್ಳಿ. ಮಾಮೂಲಿಯಾಗಿ ಮೇಲಕ್ಕೆ ಮೂರೂವರೆ, ಕೆಳಕ್ಕೆ ಮೂರೂವರೆ. ಎರಡು ಇಂಚು ಎತ್ತಿದಿರಿ. ಈಗ ಕೆಳಕ್ಕೆ ಉಳಿದದ್ದು ಒಂದೂವರೆ ಮಾತ್ರ. ಹೊಂಡದ ಅಂಚಿನಲ್ಲಿ ಚಕ್ರ ಕೆಳಗಿಳಿಯಬೇಕು, ಇಳಿಯುವ ಮೊದಲೇ ತೋಳು ಹೋಗಿ ಸ್ಟಾಪ್‌ಗೆ ಬಡಿಯುತ್ತದೆ. ಆ 'ಟಕ್' ಅನ್ನುವ ಏಟನ್ನೇ ನಾವು ಗಟ್ಟಿ ಅಂತ ತಿಳಿದುಕೊಂಡಿರುತ್ತೇವೆ. ಜೊತೆಗೆ ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟ್ ಇಳಿಜಾರಾಗುತ್ತದೆ, ಜಾಯಿಂಟಿನ ರಬ್ಬರ್ ಬೂಟು ಮಡಿಕೆ ಮಡಿಕೆಯಾಗಿ ಒಂದಕ್ಕೊಂದು ತಿಕ್ಕುತ್ತದೆ. ನನ್ನದು ಎರಡೇ ತಿಂಗಳಿಗೆ ಹರಿಯಿತು. ಚಕ್ರ ಬಿಚ್ಚಿದರೆ ರಿಮ್ಮಿನ ಒಳಮೈ ತುಂಬಾ ಕಪ್ಪು ಗ್ರೀಸು, ಬಾಣಲೆಗೆ ಎಣ್ಣೆ ಸವರಿದ ಹಾಗೆ.

ಒಂದು ಇಂಚು, ತೀರಾ ಅಂದರೆ ಒಂದೂವರೆ. ಅದಕ್ಕಿಂತ ಮೇಲೆ ಬಾರ್ ತಿರುಗಿಸಬೇಡಿ. ತಿರುಗಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಟೈರೇ ಬಿಲ್ ಕಳಿಸುತ್ತದೆ.

ಹಿಂಭಾಗಕ್ಕೆ ಬರೋಣ. ಬ್ಲಾಕ್ ಅಗ್ಗ, ಸುಲಭ, ನನಗೆ ಬೇಡ. ಆಕ್ಸಲ್‌ಗೂ ಪಟ್ಟಿಗೂ ನಡುವೆ ಅಷ್ಟುದ್ದದ ಸನ್ನೆಕೋಲು ಇಟ್ಟ ಹಾಗೆ ಆಗುತ್ತದೆ. ಏರಿನಲ್ಲಿ ಕ್ಲಚ್ ಬಿಟ್ಟಾಗ ಆಕ್ಸಲ್ ಹಿಂದಕ್ಕೆ ತಿರುಚಿಕೊಂಡು ಪಟ್ಟಿಯನ್ನು ಇಂಗ್ಲಿಷ್ ಎಸ್ ಅಕ್ಷರದ ಹಾಗೆ ಬಗ್ಗಿಸುತ್ತದೆ, ಆಮೇಲೆ ಚಿಮ್ಮಿ ವಾಪಸ್ ಬರುತ್ತದೆ. ಹಿಂದಿನ ಚಕ್ರ ಕಪ್ಪೆಯ ಹಾಗೆ ಕುಣಿಯುತ್ತದೆ. ಕುಸಿದ ಪಟ್ಟಿ ಇದ್ದರಂತೂ ಇನ್ನೂ ಜಾಸ್ತಿ. ಒಂದರ ಮೇಲೊಂದು ಬ್ಲಾಕ್ ಇಡುವುದು, ಮುಂದಿನ ಆಕ್ಸಲ್‌ಗೆ ಬ್ಲಾಕ್ ಇಡುವುದು, ಇವೆರಡೂ ಯಾವತ್ತೂ ಬೇಡ. ಉದ್ದದ ಶ್ಯಾಕಲ್ ಹಾಕಿದರೆ ಸಿಗುವುದು ಅರ್ಧ. ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಒಂದು ಇಂಚು, ಜೊತೆಗೆ ಅಡ್ಡಡ್ಡ ಓಲಾಟ ಉಡುಗೊರೆ. ಒಂದು ಪಟ್ಟಿ ಸೇರಿಸುವುದು ಇವಕ್ಕಿಂತ ವಾಸಿ, ಆದರೆ ಗಿಡ್ಡ ಪಟ್ಟಿ ಸೇರಿಸಿದರೆ ಅದರ ತುದಿ ಮುಗಿಯುವ ಜಾಗದಲ್ಲೇ ಹಳೇ ಪಟ್ಟಿಗೆ ಒತ್ತಡ. ಸುಸ್ತಾದ ಪಟ್ಟಿಗಳ ನಡುವೆ ಒಂದೇ ಒಂದು ಹೊಸದು ಬಂದರೆ ದುಡಿಯುವುದೆಲ್ಲ ಅದೇ. ಆಫೀಸಿಗೆ ಹೊಸದಾಗಿ ಸೇರಿದ ಹುಡುಗನ ಪಾಡು.

ನಾನು ಕೊನೆಗೆ ಪೂರ್ತಿ ಹೊಸ ಪಟ್ಟಿ ಸೆಟ್ ಹಾಕಿಸಿದೆ. ಇಲ್ಲಿ ಅಂಗಡಿಯವರು ಕೇಳಬೇಕಾದ, ಆದರೆ ಎಷ್ಟೋ ಸಲ ಕೇಳದೇ ಇರುವ ಪ್ರಶ್ನೆ ಒಂದಿದೆ. ಎಷ್ಟು ಇಂಚು ಬೇಕು ಅನ್ನುವುದಲ್ಲ, ಹಿಂದೆ ಎಷ್ಟು ಭಾರ ಇರುತ್ತೆ ಅನ್ನುವುದು. ಒಂದೇ ಎತ್ತರದ ಪಟ್ಟಿ ಸೆಟ್ ಬೇರೆ ಬೇರೆ ಭಾರಕ್ಕೆ ಬರುತ್ತದೆ. ಖಾಲಿ ಓಡುವ ಗಾಡಿಗೆ ಯಾವಾಗಲೂ 300 ಕಿಲೋ ಹೊರುವ ಪಟ್ಟಿ ಹಾಕಿದರೆ ಹಿಂಭಾಗ ಬೇಕಾದ್ದಕ್ಕಿಂತ ಜಾಸ್ತಿ ಎದ್ದು ನಿಲ್ಲುತ್ತದೆ, ಬೆನ್ನು ಮುರಿಯುತ್ತದೆ. ಭಾರದ ಗಾಡಿಗೆ ಖಾಲಿ ಗಾಡಿಯ ಪಟ್ಟಿ ಹಾಕಿದರೆ ಲಿಫ್ಟ್ ಹಾಕಿದ್ದೇ ಗೊತ್ತಾಗುವುದಿಲ್ಲ. ಟೂಲ್ ಬಾಕ್ಸ್, ಮೇಲಿನ ಕ್ಯಾನಪಿ, ಸ್ಟೆಪ್ನಿ ಎಲ್ಲ ಸೇರಿಸಿ, ವಾರದಲ್ಲಿ ಜಾಸ್ತಿ ದಿನ ಎಷ್ಟು ಹೊರುತ್ತೀರೋ ಆ ತೂಕ ಹೇಳಿ. ವರ್ಷಕ್ಕೊಮ್ಮೆ ಹೊರುವ ಭಾರದ ಲೆಕ್ಕ ಬೇಡ.

ಈಗ ಬ್ರೇಕಿನ ಕಥೆ. ಬ್ಲಾಕ್ ಹಾಕಿಸಿದ ವಾರದಲ್ಲೇ ಬ್ರೇಕ್ ಏನೋ ಬೇರೆ ಥರ ಅನ್ನಿಸುತ್ತಿತ್ತು. ಒತ್ತಿದರೆ ಮೂತಿ ನೆಲಕ್ಕೆ ಮುಗ್ಗರಿಸುತ್ತಿತ್ತು, ಹಿಂಭಾಗ ಎಳೆಯುತ್ತಲೇ ಇರಲಿಲ್ಲ. ಎತ್ತರ ಆಗಿದೆಯಲ್ಲ, ಅದಕ್ಕೇ ಇರಬೇಕು ಅಂತ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಒಂದು ದಿನ ಮಳೆಯಲ್ಲಿ, ತಿರುವಿನ ಮೊದಲು, ಮುಂದಿನ ಎರಡೂ ಚಕ್ರ ಲಾಕ್ ಆಗಿ ಗಾಡಿ ನೇರ ಜಾರಿತು. ಸ್ಟೇರಿಂಗ್ ತಿರುಗಿಸಿದ್ದೇನೆ, ಗಾಡಿಗೆ ಅದರ ಪರಿವೆಯೇ ಇಲ್ಲ. ರಸ್ತೆ ಬದಿಯ ಮಣ್ಣಿನ ಗುಡ್ಡೆ ಇಲ್ಲದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಕಾರಣ ಸಿಕ್ಕಿದ್ದು ಹಿಂದಿನ ಆಕ್ಸಲ್ ಮೇಲೆ, ಪೆನ್ಸಿಲ್ ದಪ್ಪದ ಒಂದು ಕಬ್ಬಿಣದ ಕಡ್ಡಿಯಲ್ಲಿ. ಬಹಳಷ್ಟು ಹಳೇ ಪಿಕಪ್‌ಗಳಲ್ಲಿ ಚಾಸಿಸ್ಸಿಗೆ ಒಂದು ವಾಲ್ವ್ ಕೂರಿಸಿ, ಅದರಿಂದ ಆಕ್ಸಲ್‌ಗೆ ಒಂದು ಕಡ್ಡಿ ಕೊಟ್ಟಿರುತ್ತಾರೆ. ಭಾರ ತುಂಬಿದಾಗ ಚಾಸಿಸ್ ಕೆಳಗಿಳಿಯುತ್ತದೆ, ಕಡ್ಡಿ ವಾಲ್ವನ್ನು ತಳ್ಳುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಹೋಗುತ್ತದೆ. ಖಾಲಿ ಇದ್ದಾಗ ಒತ್ತಡ ಕಮ್ಮಿ, ಇಲ್ಲದಿದ್ದರೆ ಹಗುರವಾದ ಹಿಂದಿನ ಚಕ್ರ ಬೇಗ ಲಾಕ್ ಆಗುತ್ತದಲ್ವಾ. ಪಾಪ, ಆ ವಾಲ್ವ್‌ಗೆ ತೂಕ ಗೊತ್ತಿಲ್ಲ, ದೂರ ಮಾತ್ರ ಗೊತ್ತು. ಮೂರು ಇಂಚು ಎತ್ತಿದ ಮೇಲೆ ಅದರ ಲೆಕ್ಕದಲ್ಲಿ ನನ್ನ ಗಾಡಿ ಖಾಲಿಗಿಂತಲೂ ಖಾಲಿ. ಗೊಬ್ಬರದ ಮೂಟೆ ಹೇರಿದ್ದರೂ ಅದು ಹಿಂದಿನ ಬ್ರೇಕನ್ನು ತಡೆಹಿಡಿದೇ ಕೂತಿತ್ತು. ಪರಿಹಾರ ಸಣ್ಣದು. ಎಷ್ಟು ಎತ್ತಿದ್ದೀರೋ ಅಷ್ಟೇ ಎತ್ತರದ ಒಂದು ಬ್ರಾಕೆಟ್ ಇಟ್ಟು ಕಡ್ಡಿಯ ಕೆಳತುದಿಯನ್ನು ಮೇಲೆ ತರಬೇಕು, ಆಮೇಲೆ ಮ್ಯಾನ್ಯುಯಲ್ ನೋಡಿ ಸರಿಯಾಗಿ ಸೆಟ್ ಮಾಡಿಸಬೇಕು. ಲಿಫ್ಟ್ ಹಾಕಿದವರು ಈ ಕಡ್ಡಿಯನ್ನು ಬಿಚ್ಚಿ, ಒರೆಸಿ, ಇದ್ದ ಹಾಗೇ ವಾಪಸ್ ಹಾಕಿದ್ದರು. ಏನು ಹೇಳುವುದು! ಹಿಂದಿನ ಬ್ರೇಕ್ ಹೋಸ್ ಕೂಡ ತಂತಿಯ ಹಾಗೆ ಬಿಗಿದಿತ್ತು. ಚಕ್ರ ಪೂರ್ತಿ ನೇತಾಡುವಾಗ ಹೋಸ್ ಸಡಿಲ ಇರಬೇಕು, ಇಲ್ಲದಿದ್ದರೆ ಉದ್ದದ್ದು ಹಾಕಿಸಿ.

ಉಳಿದವು ಬೇಗ ಹೇಳುತ್ತೇನೆ. ಹಿಂಭಾಗ ಎತ್ತಿದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗುತ್ತದೆ. ಗಾಡಿ ಹೊರಡುವಾಗ ಸೀಟಿನ ಕೆಳಗೆ ಗುಡುಗುಡು ಅಂದರೆ ಕೋನ ನೋಡಿಸಿ, ಬೆಣೆಯಂಥ ತುಂಡು ಇಟ್ಟು ಸರಿ ಮಾಡಬಹುದು. ಎರಡು ತುಂಡಿನ ಶಾಫ್ಟ್ ಆದರೆ ನಡುವಿನ ಬೇರಿಂಗನ್ನು ಸ್ವಲ್ಪ ಇಳಿಸಬೇಕಾಗಬಹುದು. ಶಾಕ್ ಅಬ್ಸಾರ್ಬರ್ ಉದ್ದ ಹೊಸ ಎತ್ತರಕ್ಕೆ ಹೊಂದಬೇಕು. ದೊಡ್ಡ ಟೈರ್ ಹಾಕಿದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. 29ರಿಂದ 31 ಇಂಚಿಗೆ ಹೋದರೆ, ಮೀಟರ್ 80 ತೋರಿಸುವಾಗ ನೀವು ಓಡುತ್ತಿರುವುದು 85ಕ್ಕಿಂತ ಸ್ವಲ್ಪ ಮೇಲೆ. ಆಕ್ಸಲ್‌ನ 4.10 ಗೇರ್ ರೇಷಿಯೊ 3.84ರ ಹಾಗೆ ವರ್ತಿಸುತ್ತದೆ, ಅಂದರೆ ಎಳೆಯುವ ಶಕ್ತಿ ಕಮ್ಮಿಯಾಗುತ್ತದೆ. ಹಳೇ ಎಂಜಿನ್‌ಗೆ ಏರಿನಲ್ಲಿ ಅದು ತಕ್ಷಣ ಗೊತ್ತಾಗುತ್ತದೆ. ಕಾನೂನು ಒಂದೊಂದು ಕಡೆ ಒಂದೊಂದು ಥರ, ಇನ್ಶೂರೆನ್ಸ್ ಕೂಡ. ಹಾಕಿಸುವ ಮೊದಲೇ ಕೇಳಿಕೊಳ್ಳಿ.

ಪಟ್ಟಿ ಹಾಕುವಾಗ ಎರಡು ವಿಷಯಕ್ಕೆ ಎದುರಿಗೇ ನಿಂತುಕೊಳ್ಳಿ. ಒಂದು, ಪಟ್ಟಿಯನ್ನು ಆಕ್ಸಲ್‌ಗೆ ಬಿಗಿದು ಹಿಡಿಯುವ ಹಳೇ ಯು ಬೋಲ್ಟ್ ಮತ್ತೆ ಹಾಕಲು ಬಿಡಬೇಡಿ. ಅವು ಬಿಗಿದಾಗಲೇ ಹಿಗ್ಗಿ ಮುಗಿದಿರುತ್ತವೆ. ಹೊಸದನ್ನು ಹಾಕಿ, ಕೆಲವು ನೂರು ಕಿಲೋಮೀಟರ್ ಓಡಿಸಿ, ಮತ್ತೆ ಬಿಗಿ ನೋಡಿಸಿ. ಇನ್ನೊಂದು, ರಬ್ಬರ್ ಬುಶ್ ಇರುವ ಶ್ಯಾಕಲ್ ಬೋಲ್ಟ್‌ಗಳನ್ನು ಗಾಡಿ ಜ್ಯಾಕ್ ಮೇಲಿದ್ದಾಗ ಕೊನೆಯ ಬಿಗಿ ಮಾಡಬಾರದು. ಚಕ್ರ ನೆಲಕ್ಕಿಳಿದು, ಗಾಡಿಯ ಭಾರ ಪಟ್ಟಿಯ ಮೇಲೆ ಕೂತ ಮೇಲೆ ಬಿಗಿ ಮಾಡಬೇಕು. ಮೇಲಿದ್ದಾಗಲೇ ಬಿಗಿದರೆ ರಬ್ಬರ್ ದಿನವಿಡೀ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಹಾಗೇ ಸುತ್ತಿಗೆ ಹಿಡಿದು ಪಟ್ಟಿಯ ತುದಿ ಚಾಸಿಸ್ಸಿಗೆ ಸೇರುವ ಹ್ಯಾಂಗರ್ ಹತ್ತಿರ ಚಾಸಿಸ್ಸಿಗೆ ನಾಲ್ಕು ಏಟು ಹಾಕಿ. 'ಠಣ್' ಅಂದರೆ ಸರಿ. 'ಡಬ್' ಅಂದು ತುಕ್ಕಿನ ಸಿಪ್ಪೆ ಉದುರಿದರೆ ಲಿಫ್ಟಿನ ದುಡ್ಡು ಅಲ್ಲಿಗೆ ಹೋಗಲಿ.

ಈಗ ನನ್ನ ಗಾಡಿ ಹಿಂದೆ ಹೊಸ ಪಟ್ಟಿಯಲ್ಲಿ ಎರಡು ಇಂಚು, ಮುಂದೆ ಬಾರ್‌ನಲ್ಲಿ ಒಂದು ಇಂಚು ಏರಿದೆ. ಫೋಟೊದಲ್ಲಿ ಏನೂ ಗೊತ್ತಾಗುವುದಿಲ್ಲ. ಮೊನ್ನೆ ಒಬ್ಬರು "ಲಿಫ್ಟ್ ತೆಗೆಸಿಬಿಟ್ರಾ?" ಅಂತ ಕೇಳಿದರು. ಹೌದು ಅಂದೆ. ಹೋದ ಭಾನುವಾರ ಮತ್ತೆ ಟೇಪ್ ಹಿಡಿದು ಕೂತಿದ್ದೆ. ಬಲಗಡೆ ಹಾಗೇ ಇದೆ. ಎಡಗಡೆ ಆಗಲೇ ಕಾಲು ಇಂಚು ಇಳಿದಿದೆ. ಟ್ಯಾಂಕ್ ಅಂತೂ ಜಾಗ ಬದಲಿಸುವ ಹಾಗಿಲ್ಲ, ತೂಕ ಇಳಿಸಬೇಕಾದವನು ನಾನೇ.